ಪಾಚಿಗೆ ತೂಕ ಎಲ್ಲಿಂದ ಬಂತು? – ನೈಟ್ರೋಜನ್ ಚಕ್ರದ ಪಾಠಕ್ಕೆ ಮನೆಯ ಉಪ್ಪುನೀರಿನ ಮೀನುತೊಟ್ಟಿ

ಪೀಠಿಕೆ

ಎಂಟನೇ ತರಗತಿಯ ವಿಜ್ಞಾನದಲ್ಲಿ ನೈಟ್ರೋಜನ್ ಚಕ್ರವು ಸೂಕ್ಷ್ಮಜೀವಿಗಳ ಅಧ್ಯಾಯದ ಕೊನೆಗೆ ಬರುತ್ತದೆ. ಒಂದು ಚಿತ್ರ, ಅದರಲ್ಲಿ ಕೆಲವು ಬಾಣಗಳು, ಗಾಳಿಯಲ್ಲಿ ಶೇ. 78ರಷ್ಟು ನೈಟ್ರೋಜನ್ ಇದೆ ಎಂಬ ವಾಕ್ಯ, ರೈಜೋಬಿಯಂ ಎಂಬ ಹೆಸರು. ಅಭ್ಯಾಸ ಬೋಧನೆಗೆ ಹೋಗುವ ನಮ್ಮಲ್ಲಿ ಹೆಚ್ಚಿನವರು ಇದನ್ನು ಒಂದು ಚಾರ್ಟ್ ತೂಗುಹಾಕಿ ಒಂದೇ ಅವಧಿಯಲ್ಲಿ ಮುಗಿಸುತ್ತೇವೆ. ಮಕ್ಕಳು ಚಿತ್ರವನ್ನು ಅಚ್ಚುಕಟ್ಟಾಗಿ ಬಿಡಿಸುತ್ತಾರೆ, ಅಂಕವೂ ಬರುತ್ತದೆ. ಆದರೆ ‘ಈ ಬಾಣದ ಮೇಲೆ ಸಾಗುತ್ತಿರುವುದು ಏನು? ಎಷ್ಟು?’ ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಬಾಣ ಅವರಿಗೆ ಒಂದು ಗೆರೆ, ಅಷ್ಟೆ.

ಆ ಗೆರೆಯ ಮೇಲೆ ನಿಜವಾಗಿ ಏನೋ ಸಾಗುತ್ತದೆ, ಅದನ್ನು ತಕ್ಕಡಿಯಲ್ಲಿ ತೂಗಬಹುದು ಎಂದು ತೋರಿಸುವುದಕ್ಕೆ ನಾನು ಬಳಸಿದ ಬೋಧನೋಪಕರಣ ನಮ್ಮ ಮನೆಯ ಸಣ್ಣ ಉಪ್ಪುನೀರಿನ ಮೀನುತೊಟ್ಟಿ ಮತ್ತು ಅದರಲ್ಲಿ ಬೆಳೆಸಿದ ಕಡಲ ಪಾಚಿ. ಮನೆ ಬಳ್ಳಾರಿಯ ಗಾಂಧಿನಗರದಲ್ಲಿದೆ. ಪಾಠ ಮಾಡಿದ್ದು ನಗರದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ, 41 ಮಕ್ಕಳ ತರಗತಿಗೆ, ಐದು ಅವಧಿಗಳಲ್ಲಿ. ಮಕ್ಕಳಲ್ಲಿ ಕೆಲವರು ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳವರು. ಇಲ್ಲಿ ಹಾಸ್ಟೆಲಿನಲ್ಲೋ ನೆಂಟರ ಮನೆಯಲ್ಲೋ ಇದ್ದು ಓದುವವರು. ಇಡೀ ತರಗತಿಯಲ್ಲಿ ಸಮುದ್ರ ಕಂಡವರು ಇಬ್ಬರು.

‘ಸಮುದ್ರ ಕಾಣದ ಮಕ್ಕಳಿಗೆ ಸಮುದ್ರದ ಪಾಚಿ ಯಾಕೆ? ಕೆರೆಯ ಜಲಸಸ್ಯದಲ್ಲೇ ತೋರಿಸಬಹುದಲ್ಲ?’ ಎಂದು ಮಾರ್ಗದರ್ಶಿ ಶಿಕ್ಷಕಿ ಮೊದಲ ದಿನವೇ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಸಿಹಿನೀರಿನಲ್ಲಿ ಹೈಡ್ರಿಲ್ಲಾ ಹಾಕಿಯೂ ಈ ಪಾಠ ಮಾಡಬಹುದು, ಮಾಡುವವರು ಮಾಡಲಿ. ನನಗೆ ಉಪ್ಪುನೀರು ಬೇಕಾಗಿದ್ದಕ್ಕೆ ಒಂದು ಕಾರಣವಿತ್ತು. ಸಿಹಿನೀರಿನ ತೊಟ್ಟಿಯಲ್ಲಿ ನೀರು ಕೆಟ್ಟರೆ ಚೆಲ್ಲಿ ನಲ್ಲಿ ತಿರುಗಿಸುತ್ತೇವೆ, ಕೊಳೆ ಎಲ್ಲಿಗೆ ಹೋಯಿತೆಂದು ಯಾರೂ ಲೆಕ್ಕ ಕೇಳುವುದಿಲ್ಲ. ಉಪ್ಪುನೀರಿನಲ್ಲಿ ಪ್ರತಿ ಲೀಟರಿಗೂ 35 ಗ್ರಾಂ ಲವಣ ಮಿಶ್ರಣ ಬೇಕು. ಕಡಲು ನೂರಾರು ಕಿಲೋಮೀಟರ್ ದೂರ ಇರುವ ಬಳ್ಳಾರಿಯಲ್ಲಿ ಒಂದು ಬಕೆಟ್ ಉಪ್ಪುನೀರು ಚೆಲ್ಲುವುದೆಂದರೆ ಹಣ ಚೆಲ್ಲಿದಂತೆ. ಆಗ ಲೆಕ್ಕ ತಾನಾಗಿ ಹುಟ್ಟುತ್ತದೆ.

ತೊಟ್ಟಿ

60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ಗಾಜಿನ ತೊಟ್ಟಿ. ಮರಳು, ಪಿಂಗಾಣಿ ಉಂಗುರಗಳು ಹೋಗಿ ನೀರು ಹಿಡಿಯುವುದು ಸುಮಾರು 40 ಲೀಟರ್. ಹಿಂಬದಿಯಲ್ಲಿ ತೂತುಗಳಿರುವ ಪ್ಲಾಸ್ಟಿಕ್ ಹಾಳೆಯೊಂದನ್ನು ಅಡ್ಡ ನಿಲ್ಲಿಸಿ ಕೈಯಗಲದ ಕೋಣೆ ಮಾಡಿದ್ದೇನೆ. ಪಾಚಿ ಇರುವುದು ಆ ಕೋಣೆಯಲ್ಲಿ. ಮೀನು ಅಲ್ಲಿಗೆ ಹೋಗಲಾರದು, ನೀರು ಮಾತ್ರ ಹೋಗಿಬರುತ್ತದೆ. ಮೇಲೆ ಮನೆಯಲ್ಲಿ ಬಳಸುವ 9 ವಾಟಿನ ಬಿಳಿ ಎಲ್‌ಇಡಿ ಬಲ್ಬು.

ನೀರಿನ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಬೋರ್‌ವೆಲ್ ನೀರು ಗಡಸು. ಪಾತ್ರೆಯ ಅಂಚಿಗೆ ಬಿಳಿ ಪಟ್ಟಿ ಕಟ್ಟುತ್ತದೆ. ಆದ್ದರಿಂದ ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ನೀರನ್ನೇ ಕ್ಯಾನಿನಲ್ಲಿ ತಂದು ಲವಣ ಬೆರೆಸುತ್ತೇನೆ. (‘ಕುಡಿಯೋ ನೀರು ಹೊತ್ತು ತಂದು ಉಪ್ಪು ಹಾಕ್ತೀಯಲ್ಲೇ’ ಎಂದು ಅಮ್ಮ ಈಗಲೂ ಗೊಣಗುತ್ತಾರೆ.) ಅಡುಗೆ ಉಪ್ಪು ಆಗುವುದಿಲ್ಲ. ಅದರಲ್ಲಿ ಇರುವುದು ಬಹುತೇಕ ಸೋಡಿಯಂ ಕ್ಲೋರೈಡ್ ಮಾತ್ರ. ಸಮುದ್ರದ ನೀರಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಲ್ಫೇಟ್ ಕೂಡ ಇರುತ್ತವೆ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಸಮುದ್ರ ಲವಣ ಮಿಶ್ರಣವೇ ಬೇಕು. ಹೈಡ್ರೋಮೀಟರ್ ಇಟ್ಟು ನೋಡಿದರೆ ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸು ಇರಬೇಕು.

ಮೀನು ನಾಲ್ಕು ಕಪ್ಪು ಮಾಲಿಗಳು. ಬಳ್ಳಾರಿಯ ಯಾವ ಅಂಗಡಿಯಲ್ಲೂ ಸಿಗುವ, ಅಗ್ಗದ ಸಿಹಿನೀರಿನ ಮೀನೆಂದೇ ಎಲ್ಲರೂ ತಿಳಿದಿರುವ ಮೀನು. ಆದರೆ ಮಾಲಿ ಸಿಹಿನೀರು, ಚೌಳುನೀರು, ಕಡಲನೀರು ಮೂರರಲ್ಲೂ ಬದುಕಬಲ್ಲದು. ಒಂದು ವಾರ ದಿನಕ್ಕಿಷ್ಟು ಎಂದು ಉಪ್ಪುನೀರನ್ನು ಹನಿಹನಿಯಾಗಿ ಸೇರಿಸುತ್ತ ಹೋದರೆ ಹೊಂದಿಕೊಳ್ಳುತ್ತದೆ. ಕಡಲಿನಿಂದ ಹಿಡಿದು ತಂದ ಬಣ್ಣದ ಮೀನಿಗಿಂತ ಇದು ನನಗೆ ಸರಿಯೆನಿಸಿತು. ಹಾಗೆಯೇ ಅಲಂಕಾರಕ್ಕೆಂದು ಹವಳದ ತುಂಡು ಇಡಲಿಲ್ಲ. ಹವಳಗಳು 2001ರಿಂದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಕಡಲ ಕುದುರೆಯೂ ಹಾಗೆಯೇ. ಪ್ರಯೋಗಾಲಯದ ಅಲಮಾರಿಗೆಂದು ಹೊಸದಾಗಿ ಹವಳ ಕೊಳ್ಳಲು ಹೊರಡುವವರು ಇದನ್ನು ಗಮನದಲ್ಲಿಡಬೇಕು.

ಮೀನು ಬಿಡುವ ಮೊದಲು ಖಾಲಿ ತೊಟ್ಟಿಗೆ ಚಿಟಿಕೆ ಆಹಾರ ಹಾಕುತ್ತ ಐದು ವಾರ ಕಾದೆ. ಮರಳಿನಲ್ಲಿ, ಉಂಗುರಗಳಲ್ಲಿ ಬ್ಯಾಕ್ಟೀರಿಯಾ ನೆಲೆಗೊಳ್ಳಬೇಕು. ಕೊಳೆತ ಆಹಾರದಿಂದ, ಆಮೇಲೆ ಮೀನಿನ ಕಿವಿರಿನಿಂದ ಬರುವ ಅಮೋನಿಯಾವನ್ನು ಒಂದು ಗುಂಪಿನ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ಮೊದಲ ಎರಡೂ ಮೀನಿಗೆ ವಿಷ; ಕಡಲನೀರಿನಂತೆ ಕ್ಷಾರೀಯವಾದ ನೀರಿನಲ್ಲಿ ಅಮೋನಿಯಾ ಇನ್ನಷ್ಟು ಅಪಾಯಕಾರಿ. ನೈಟ್ರೇಟ್ ಅಷ್ಟು ಕೆಟ್ಟದ್ದಲ್ಲ. ಆದರೆ ಆಮ್ಲಜನಕ ಸಾಕಷ್ಟಿರುವ ಸಣ್ಣ ತೊಟ್ಟಿಯಲ್ಲಿ ಅದು ಮುಂದಕ್ಕೆ ಹೋಗಲು ದಾರಿ ಇಲ್ಲ. ಕೂಡುತ್ತಲೇ ಹೋಗುತ್ತದೆ. ಪಠ್ಯದ ಚಿತ್ರದಲ್ಲಿ ನೈಟ್ರೇಟಿನಿಂದ ಸಸ್ಯಕ್ಕೆ ಹೋಗುವ ಒಂದು ಬಾಣವಿದೆಯಲ್ಲ, ತೊಟ್ಟಿಯಲ್ಲಿ ಇಲ್ಲದಿರುವುದು ಆ ಬಾಣವೇ. ಪಾಚಿಯ ಕೋಣೆ ಎಂದರೆ ಆ ಬಾಣವನ್ನು ತಂದು ಸೇರಿಸುವುದು.

ಇದು ಹೊಸ ಉಪಾಯವಲ್ಲ. ಲಂಡನ್ನಿನ ರಸಾಯನ ವಿಜ್ಞಾನಿ ರಾಬರ್ಟ್ ವಾರಿಂಗ್ಟನ್ ಗಾಜಿನ ಪಾತ್ರೆಯಲ್ಲಿ ಹೊನ್ನಮೀನು, ಜಲಸಸ್ಯ, ಬಸವನಹುಳು ಮೂರನ್ನೂ ಒಟ್ಟಿಗೆ ಬದುಕಿಸಿ ತೋರಿಸಿದ ವರದಿ 1850ರದು. ಆಮೇಲೆ ಆತ ಹಸಿರು ಕಡಲ ಪಾಚಿ ಹಾಕಿ ಕಡಲನೀರಿನಲ್ಲೂ ಅದನ್ನೇ ಮಾಡಿದ. ಆಗಿನ್ನೂ ಬ್ಯಾಕ್ಟೀರಿಯಾದ ಪಾತ್ರ ಯಾರಿಗೂ ತಿಳಿದಿರಲಿಲ್ಲ. ನಮ್ಮ ಕಾಲಕ್ಕೆ ಹತ್ತಿರದಲ್ಲಿ, ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ 1980ರ ದಶಕದ ಆರಂಭದಲ್ಲಿ ಪಾಚಿಯ ಹಾಸಿನ ಮೇಲೆ ನೀರು ಹರಿಸಿ ಶುದ್ಧಮಾಡುವ ವ್ಯವಸ್ಥೆಗೆ ಪೇಟೆಂಟ್ ಪಡೆದರು. ಇವೆರಡನ್ನೂ ತರಗತಿಯಲ್ಲಿ ಎರಡು ನಿಮಿಷ ಹೇಳಿದೆ. ಇತಿಹಾಸಕ್ಕಿಂತ ಪಾಚಿ ಮುಟ್ಟುವುದೇ ಮಕ್ಕಳಿಗೆ ಬೇಕಿತ್ತು.

ಎರಡು ಪಾಚಿಗಳು

ಒಂದು ಕೀಟೋಮಾರ್ಫಾ. ಬೆಂಗಳೂರಿನ ಅಂಗಡಿಯೊಂದರಿಂದ ಕೊಂಡ ಹಿಡಿಯಷ್ಟು ಪಾಚಿಯನ್ನು ಅಣ್ಣ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ, ಒದ್ದೆ ಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ತಂದ. ಒಂದು ರಾತ್ರಿಯ ಪ್ರಯಾಣ, ಏನೂ ಆಗಿರಲಿಲ್ಲ. ನೋಡಲು ಸಿಕ್ಕುಹಾಕಿಕೊಂಡ ಹಸಿರು ನೈಲಾನ್ ದಾರದ ಹಾಗೆ. ಕವಲೊಡೆಯದ ಎಳೆಗಳು; ಕಲ್ಲಿಗೆ ಅಂಟಿಕೊಳ್ಳುವುದಿಲ್ಲ, ತೇಲುತ್ತ ಹಿಗ್ಗುತ್ತದೆ, ಹೆಚ್ಚಾದದ್ದನ್ನು ಕೈಯಿಂದ ಕಿತ್ತು ತೆಗೆಯಬಹುದು. ಪಾಚಿಯ ಕೋಣೆಗೆ ಇದಕ್ಕಿಂತ ಸುಲಭದ್ದು ನನಗೆ ಗೊತ್ತಿಲ್ಲ.

ಇನ್ನೊಂದು ಅಲ್ವಾ. ಥ್ಯಾಲೋಫೈಟಾ ಎಂದರೆ ಪುಸ್ತಕಗಳಲ್ಲಿ ಸ್ಪೈರೋಗೈರಾ, ಕ್ಲ್ಯಾಡೋಫೋರಾ, ಕಾರಾಗಳ ಪಕ್ಕದಲ್ಲಿ ಚಿತ್ರವಾಗಿಯೇ ಉಳಿದುಬಿಡುವ ಅಲ್ವಾ. ಕಾರವಾರದ ಕಡೆಯ ಬಂಡೆಗಳ ಮೇಲೆ ಬೆಳೆಯುತ್ತದೆ. ಅಲ್ಲಿಗೆ ಹೋಗಿದ್ದ ನೆಂಟರು ಕೊಚ್ಚಿ ದಡಕ್ಕೆ ಬಂದಿದ್ದ ನಾಲ್ಕು ಹಾಳೆ ತಂದುಕೊಟ್ಟರು. ಎರಡೇ ಜೀವಕೋಶಗಳಷ್ಟು ದಪ್ಪ. ಮಕ್ಕಳ ಅಂಗೈ ಮೇಲಿಟ್ಟಾಗ ರೇಖೆಗಳು ಅದರೊಳಗಿಂದ ಕಾಣುತ್ತಿದ್ದವು. ಎಂಟನೇ ತರಗತಿಯ ಹುಡುಗಿಯೊಬ್ಬಳು ‘ಇದು ಪಾಲಿಥಿನ್ ಅಲ್ರೀ ಟೀಚರ್?’ ಎಂದಳು.

ಕಾಲರ್ಪಾ ಎಂಬ ಮೂರನೆಯದೂ ಸಿಗುತ್ತದೆ, ಸುಂದರವಾಗಿಯೂ ಇರುತ್ತದೆ. ನಾನು ಬೇಡವೆಂದೆ. ಇಡೀ ಗಿಡವೇ ಒಂದು ಜೀವಕೋಶ; ಸಂತಾನೋತ್ಪತ್ತಿಯ ಹೊತ್ತು ಬಂದರೆ ಒಂದೇ ರಾತ್ರಿಯಲ್ಲಿ ಒಳಗಿರುವುದನ್ನೆಲ್ಲ ನೀರಿಗೆ ಬಿಟ್ಟು ಸಾಯುತ್ತದೆ, ನೀರು ಹಾಲಿನಂತೆ ಆಗುತ್ತದೆ. ಇದರ ಒಂದು ಜಾತಿ 1984ರಲ್ಲಿ ಮೊನಾಕೊ ಹತ್ತಿರದ ಕಡಲಿನಲ್ಲಿ ಕಾಣಿಸಿಕೊಂಡು ಮೆಡಿಟರೇನಿಯನ್ ತಳದಲ್ಲಿ ಹಬ್ಬಿದ ಕತೆ ಜೀವವಿಜ್ಞಾನದವರಿಗೆ ತಿಳಿದದ್ದೇ. ಕಡಲತೀರದ ಜಿಲ್ಲೆಗಳ ಪ್ರಶಿಕ್ಷಣಾರ್ಥಿಗಳು ಅಂಗಡಿಯಿಂದ ತಂದ ಯಾವ ಪಾಚಿಯನ್ನೂ ಹಳ್ಳಕ್ಕೆ, ಕಡಲಿಗೆ ಚೆಲ್ಲಬಾರದು. ಒಣಗಿಸಿ ಬಿಸಾಡಬೇಕು.

ಮಕ್ಕಳ ಪೂರ್ವಜ್ಞಾನ: ‘ಪಾಚಿ ಅಂದ್ರೆ ಹೊಲಸು’

ಮೊದಲ ಅವಧಿಯಲ್ಲಿ ಪ್ರಶ್ನೆ ಒಂದೇ: ನೀರಿನಲ್ಲಿ ಪಾಚಿ ಇದ್ದರೆ ಏನರ್ಥ? ಉತ್ತರಗಳೆಲ್ಲ ಒಂದೇ ಕಡೆಗೆ. ‘ನೀರು ಕೆಟ್ಟೈತಿ ಅಂತ್ರಿ.’ ‘ತೊಟ್ಟಿಗೆ ಪಾಚಿ ಹಿಡಿದ್ರೆ ನಮ್ಮಮ್ಮ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕತಾಳ್ರಿ.’ ‘ಕಾಲು ಜಾರತೈತ್ರಿ.’ ಡ್ಯಾಂ ನೀರು ಹಸಿರಾದ ಸುದ್ದಿ ಟಿವಿಯಲ್ಲಿ ನೋಡಿದ್ದಾಗಿ ಒಬ್ಬ ಹೇಳಿದ. ತುಂಗಭದ್ರಾ ಜಲಾಶಯದ ನೀರು ಹಸಿರುಗಟ್ಟಿದ ಸುದ್ದಿ ಕೆಲವು ವರ್ಷ ಬಂದದ್ದು ನಿಜ.

ಪಾಚಿ ಎಂಬ ನಮ್ಮ ಮಾತಿನಲ್ಲೇ ಈ ಗ್ರಹಿಕೆ ಇದೆ. ‘ಪಾಚಿಗಟ್ಟಿದೆ’ ಎಂದರೆ ಯಾರೂ ಬಳಸದೆ ಹಾಳಾಗಿದೆ ಎಂದೇ ಅರ್ಥ. ಶೈವಲ ಎಂಬ ಪಠ್ಯದ ಪದ ಬಳಸಿದರೆ ಮಕ್ಕಳು ಹೊಸದೊಂದು ವಸ್ತು ಎಂದುಕೊಂಡು ಬರೆದುಕೊಳ್ಳುತ್ತಾರೆ, ಮನೆಯ ತೊಟ್ಟಿಯ ಪಾಚಿಗೂ ಅದಕ್ಕೂ ನಂಟು ಕೂಡುವುದಿಲ್ಲ. ಹಾಗಾಗಿ ಪಾಚಿ ಎಂದೇ ಹೇಳಿದೆ. ಅವರ ತಿಳಿವಳಿಕೆ ಸುಳ್ಳೂ ಅಲ್ಲ. ನೀರಿನಲ್ಲಿ ಗೊಬ್ಬರದ ಅಂಶ ಹೆಚ್ಚಾದಾಗಲೇ ಪಾಚಿ ಹೆಚ್ಚುವುದು. ಮಕ್ಕಳು ಅದನ್ನು ಕೊಳೆಯ ಕಾರಣ ಎಂದುಕೊಂಡಿದ್ದಾರೆ. ಬಹಳ ಸಲ ಅದು ಕೊಳೆಯನ್ನು ತಿನ್ನಲು ಬಂದ ಅತಿಥಿ. ಎರಡರಲ್ಲಿ ಯಾವುದು ಎಂದು ಬಾಯಲ್ಲಿ ವಾದಿಸಿ ಪ್ರಯೋಜನವಿಲ್ಲವಾದ್ದರಿಂದ ಜಾಡಿಗಳನ್ನು ತಂದೆ.

ಮೂರು ಜಾಡಿ

ತೊಟ್ಟಿಗೆ ಪಾಚಿ ಹಾಕುವ ಮುನ್ನ ಅದರ ನೈಟ್ರೇಟ್ ಲೀಟರಿಗೆ 40 ಮಿ.ಗ್ರಾಂ ಮುಟ್ಟಿತ್ತು. ಆ ನೀರನ್ನೇ ಆರು ಲೀಟರ್ ಕ್ಯಾನಿನಲ್ಲಿ ತುಂಬಿ ಸ್ಕೂಟಿಯಲ್ಲಿ ಶಾಲೆಗೆ ಒಯ್ದೆ. ಎರಡೆರಡು ಲೀಟರಿನಂತೆ ಮೂರು ಉಪ್ಪಿನಕಾಯಿ ಜಾಡಿ. ಮೊದಲನೆಯದರಲ್ಲಿ 20 ಗ್ರಾಂ ಕೀಟೋಮಾರ್ಫಾ, ಕಿಟಕಿಯ ಬೆಳಕಿನಲ್ಲಿ. ಎರಡನೆಯದರಲ್ಲಿ ಪಾಚಿ ಇಲ್ಲ, ಅದೇ ಕಿಟಕಿ. ಮೂರನೆಯದರಲ್ಲಿ 20 ಗ್ರಾಂ ಪಾಚಿ, ಆದರೆ ಕಪ್ಪು ಕಾಗದ ಸುತ್ತಿ ಅಲಮಾರಿಯೊಳಗೆ. ನೇರ ಬಿಸಿಲು ಬೀಳುವಲ್ಲಿ ಇಡಬಾರದು. ನಮ್ಮೂರಿನ ಬಿಸಿಲಿಗೆ ಎರಡು ಲೀಟರ್ ನೀರು ಮಧ್ಯಾಹ್ನದೊಳಗೆ ಸ್ನಾನದ ನೀರಾಗುತ್ತದೆ. ಬೆಳಿಗ್ಗೆ ಸಂಜೆ ಒಬ್ಬೊಬ್ಬರು ಚಮಚದಿಂದ ಕಲಕುವ ಪಾಳಿ.

ಒದ್ದೆ ಪಾಚಿಯ ತೂಕದ್ದೇ ದೊಡ್ಡ ಚರ್ಚೆ. ನೀರು ಸೋರುತ್ತಿದ್ದರೆ ಒಂದು ತೂಕ, ಹಿಂಡಿದರೆ ಇನ್ನೊಂದು. ಹೇಗೆ ಮಾಡೋಣ ಎಂದು ಮಕ್ಕಳಿಗೇ ಬಿಟ್ಟೆ. ‘ಹತ್ತಿ ಬಟ್ಟೆಯಲ್ಲಿ ಒಂದು ನಿಮಿಷ ಒತ್ತಿ ಹಿಡಿಯೋದು, ಪ್ರತಿ ಸಲ ಅದೇ ಬಟ್ಟೆ, ಅದೇ ಹುಡುಗ’ ಎಂದು ಅವರೇ ನಿಯಮ ಮಾಡಿದರು. ಚರಾಂಶಗಳನ್ನು ನಿಯಂತ್ರಿಸುವುದು ಎಂದು ನಾವು ಪಾಠಯೋಜನೆಯ ಮೂರನೇ ಅಂಕಣದಲ್ಲಿ ಬರೆಯುವುದು ಇದನ್ನೇ.

ನೈಟ್ರೇಟ್ ಅಳೆಯಲು ಅಕ್ವೇರಿಯಂ ಅಂಗಡಿಯ ಬಣ್ಣದ ಕಿಟ್ ಸಾಕು. ಎರಡು ದ್ರಾವಣ, ಒಂದು ಗಾಜಿನ ನಳಿಕೆ, ಹಳದಿಯಿಂದ ಕಡುಗೆಂಪಿನವರೆಗಿನ ಬಣ್ಣದ ಪಟ್ಟಿ. ನಾನು ಬಳಸಿದ ಕಿಟ್‌ನ ಎರಡನೇ ಬಾಟಲಿಯ ತಳದಲ್ಲಿ ಪುಡಿ ಕೂರುತ್ತದೆ, ಅರ್ಧ ನಿಮಿಷ ಜೋರಾಗಿ ಅಲುಗಾಡಿಸದಿದ್ದರೆ ಬಣ್ಣ ಕಡಿಮೆ ಬರುತ್ತದೆ. ದ್ರಾವಣದಲ್ಲಿ ಆಮ್ಲವಿರುವುದರಿಂದ ಹನಿ ಹಾಕುವುದನ್ನು ನಾನೇ ಕೈಗವಸು ಹಾಕಿಕೊಂಡು ಮಾಡಿದೆ; ಬಣ್ಣ ಓದುವುದು ಮಕ್ಕಳ ಕೆಲಸ. 20ಕ್ಕೂ 40ಕ್ಕೂ ನಡುವಿನ ಕೆಂಪನ್ನು ಎರಡು ಗುಂಪುಗಳು ಎರಡು ಥರ ಓದಿದವು. ಜಗಳವನ್ನು ನಿಲ್ಲಿಸಲಿಲ್ಲ. ಬಣ್ಣದ ಪಟ್ಟಿಯಿಂದ ಅಷ್ಟೇ ನಿಖರತೆ ಸಾಧ್ಯ ಎಂಬುದು ಅವರಿಗೇ ಗೊತ್ತಾಯಿತು.

ಏಳನೇ ದಿನ ಬೆಳಕಿನಲ್ಲಿದ್ದ ಪಾಚಿಯ ಜಾಡಿ 10ರ ಬಣ್ಣ ತೋರಿಸಿತು. ಪಾಚಿ ಇಲ್ಲದ್ದು 40ರಲ್ಲೇ ಇತ್ತು. ಕತ್ತಲೆಯದು 40ಕ್ಕಿಂತ ತುಸು ತಿಳಿಯಾಗಿದೆಯೋ ಇಲ್ಲವೋ ಎಂಬಷ್ಟು. ಆಮೇಲೆ ತೂಕ: ಬೆಳಕಿನ ಪಾಚಿ 24 ಗ್ರಾಂ, ಕತ್ತಲೆಯದು 20 ಗ್ರಾಂ ಇದ್ದದ್ದು 19.

‘ನಾಲ್ಕು ಗ್ರಾಂ ಎಲ್ಲಿಂದ ಬಂತು?’ ಎಂದು ಬೋರ್ಡಿನ ಮೇಲೆ ಬರೆದು ಸುಮ್ಮನೆ ನಿಂತೆ. ‘ನೀರು ಕುಡಿದೈತ್ರಿ’ ಎಂಬುದು ಮೊದಲ ಉತ್ತರ. ‘ಹಂಗಾದ್ರೆ ಕತ್ತಲದಾಗಿರೋದೂ ಕುಡಿಬೇಕಿತ್ತಲ್ಲ’ ಎಂದು ಹಿಂದಿನ ಬೆಂಚಿನಿಂದ ಬಂತು. ಹೆಚ್ಚಿನ ಭಾಗ ನೀರೇ, ಉಳಿದದ್ದರಲ್ಲಿ ಬಹುಪಾಲು ಕಾರ್ಬನ್ ಸಂಯುಕ್ತ. ಬೆಳಕು ಬೇಕಾಗಿದ್ದು ಅದಕ್ಕೆ. ಆದರೆ ಜಾಡಿಯಿಂದ ಕಾಣೆಯಾದ ನೈಟ್ರೇಟಿನ ನೈಟ್ರೋಜನ್ ಕೂಡ ಅದರೊಳಗೇ ಇರಬೇಕು. ಲೆಕ್ಕ ಹಾಕಿದೆವು. ಲೀಟರಿಗೆ 30 ಮಿ.ಗ್ರಾಂ ಕಡಿಮೆಯಾಗಿದೆ, ಎರಡು ಲೀಟರಿಗೆ 60. ನೈಟ್ರೇಟಿನ 62 ಭಾಗದಲ್ಲಿ 14 ಭಾಗ ನೈಟ್ರೋಜನ್, ಅಂದರೆ 13.5 ಮಿ.ಗ್ರಾಂ. ಇನ್ನೊಂದು ಕಡೆಯಿಂದ, ಬಿಸಿಲಿಗೆ ಒಣಗಿಸಿದಾಗ ನಮ್ಮ ಪಾಚಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತಿತ್ತು. 4 ಗ್ರಾಂ ಒದ್ದೆ ಎಂದರೆ ಅರ್ಧ ಗ್ರಾಂ ಒಣ. ಕಡಲ ಪಾಚಿಯ ಒಣ ತೂಕದಲ್ಲಿ ನೈಟ್ರೋಜನ್ ಸಾಮಾನ್ಯವಾಗಿ ಶೇ. 2ರಿಂದ 4. ಶೇ. 3 ಎಂದುಕೊಂಡರೆ 15 ಮಿ.ಗ್ರಾಂ. ಹದಿಮೂರೂವರೆ, ಹದಿನೈದು. ಅಂಗಡಿಯ ಕಿಟ್, ಪ್ರಯೋಗಾಲಯದ ಹಳೆಯ ತಕ್ಕಡಿ, ಹತ್ತಿ ಬಟ್ಟೆ ಇಟ್ಟುಕೊಂಡು ಇಷ್ಟು ಹತ್ತಿರ ಬಂದದ್ದರಲ್ಲಿ ಅದೃಷ್ಟದ ಪಾಲೂ ಇದೆ ಎಂದು ಮಕ್ಕಳಿಗೆ ಹೇಳಿದೆ. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ, ಚಪ್ಪಾಳೆಯಲ್ಲಿದ್ದರು.

ತೊಟ್ಟಿಯ ಜಮಾಖರ್ಚು

ಮುಂದಿನ ಅವಧಿಗೆ ಇದೇ ಲೆಕ್ಕವನ್ನು ಮನೆಯ ತೊಟ್ಟಿಗೆ ಹಚ್ಚಿದೆವು. ದಿನಕ್ಕೆ 0.3 ಗ್ರಾಂ ಮೀನಿನ ಆಹಾರ. ಪೊಟ್ಟಣದ ಮೇಲೆ ಪ್ರೋಟೀನ್ ಶೇ. 40 ಎಂದಿದೆ, ಅಂದರೆ 0.12 ಗ್ರಾಂ. ಪ್ರೋಟೀನಿನಲ್ಲಿ ನೈಟ್ರೋಜನ್ ಶೇ. 16, ಬಂದದ್ದು 19 ಮಿ.ಗ್ರಾಂ. ಮೀನಿನ ಮೈಗೆ ಹತ್ತುವ ಅಲ್ಪಭಾಗ ಬಿಟ್ಟು ಎಲ್ಲವೂ ಕೊನೆಗೆ ನೈಟ್ರೇಟ್ ಆಗುತ್ತದೆ ಎಂದುಕೊಂಡರೆ ದಿನಕ್ಕೆ ಸುಮಾರು 85 ಮಿ.ಗ್ರಾಂ, 40 ಲೀಟರಿಗೆ ಹಂಚಿದರೆ ಲೀಟರಿಗೆ 2ಕ್ಕೆ ಮೇಲೆ. ತಿಂಗಳಿಗೆ 60 ದಾಟುತ್ತದೆ.

ತಗ್ಗಿಸಲು ಎರಡು ದಾರಿ. ವಾರಕ್ಕೆ 10 ಲೀಟರ್ ನೀರು ಬದಲಿಸಿದರೆ ವರ್ಷಕ್ಕೆ 520 ಲೀಟರ್, ಅದಕ್ಕೆ 18 ಕಿಲೋ ಲವಣ. ಅಥವಾ ವಾರಕ್ಕೆ ಸುಮಾರು 36 ಗ್ರಾಂ ಒದ್ದೆ ಪಾಚಿ, ಎಂದರೆ ಒಂದು ಮುಷ್ಟಿ, ಕಿತ್ತು ಹೊರಗೆ ತೆಗೆಯುವುದು. ಈ ಮುಷ್ಟಿ ಪಾಚಿಯ ಕಡೆಗೇ ಇಡೀ ಪಾಠ ತಿರುಗುತ್ತದೆ. ಪಾಚಿ ನೈಟ್ರೇಟನ್ನು ‘ಇಲ್ಲವಾಗಿಸುವುದಿಲ್ಲ’, ತನ್ನ ಮೈಯಲ್ಲಿ ಇಟ್ಟುಕೊಳ್ಳುತ್ತದೆ. ಕಿತ್ತು ತೆಗೆಯದಿದ್ದರೆ ಒಂದು ದಿನ ಕೊಳೆತು ಎಲ್ಲವನ್ನೂ ನೀರಿಗೆ ಹಿಂತಿರುಗಿಸುತ್ತದೆ. ‘ಬ್ಯಾಂಕಿನಾಗ ಇಟ್ಟಂಗ್ರಿ’ ಎಂದ ಒಬ್ಬ. ನನ್ನ ಪಾಠಯೋಜನೆಯಲ್ಲಿ ಇದ್ದ ಉದಾಹರಣೆಗಿಂತ ಅದು ಚೆನ್ನಾಗಿತ್ತು.

ಈಗ ತೊಟ್ಟಿಯ ನೈಟ್ರೇಟ್ 5ರಿಂದ 10ರ ನಡುವೆ ನಿಂತಿದೆ, ಎರಡು ವಾರಕ್ಕೊಮ್ಮೆ ನಾಲ್ಕು ಲೀಟರ್ ಬದಲಿಸುತ್ತೇನೆ. ಪೂರ್ತಿ ನಿಲ್ಲಿಸಲಾಗದು. ಪಾಚಿ ಕಬ್ಬಿಣದಂಥ ಸೂಕ್ಷ್ಮ ಪೋಷಕಗಳನ್ನೂ ಹೀರುತ್ತದೆ, ಅವು ಮರಳಿ ಬರುವುದು ಹೊಸ ನೀರಿನಿಂದಲೇ. ಪಾಚಿಯ ಬಲ್ಬು ಉರಿಯುವುದು ರಾತ್ರಿ. ಹಗಲು ಮೀನಿನ ಕಡೆ ಬೆಳಕು, ರಾತ್ರಿ ಪಾಚಿಯ ಕಡೆ. ಎರಡೂ ಕತ್ತಲಾದರೆ ಉಸಿರಾಟದ ಕಾರ್ಬನ್ ಡೈಆಕ್ಸೈಡ್ ಸೇರಿ ನೀರಿನ ಪಿಎಚ್ ಇಳಿಯುತ್ತದೆ. ಒಂದು ಕಡೆ ದ್ಯುತಿಸಂಶ್ಲೇಷಣೆ ನಡೆಯುತ್ತಿದ್ದರೆ ಅಷ್ಟು ಇಳಿಯುವುದಿಲ್ಲ. ‘ರಾತ್ರಿ ಪಾಳಿ’ ಎಂದು ಮಕ್ಕಳು ಹೆಸರಿಟ್ಟರು.

ಬಳ್ಳಾರಿಯ ಬೇಸಿಗೆಯಲ್ಲಿ ಕಷ್ಟವಿರುವುದು ನೈಟ್ರೇಟಿನದಲ್ಲ, ಬಿಸಿಯದು. ಹೊರಗೆ 40 ಡಿಗ್ರಿ ದಾಟಿದಾಗ ತೊಟ್ಟಿ 32ಕ್ಕೆ ಏರುತ್ತದೆ. ಮುಚ್ಚಳ ತೆಗೆದು ನೀರಿನ ಮೇಲ್ಮೈಗೆ ಸಣ್ಣ ಫ್ಯಾನು ಇಟ್ಟರೆ ಎರಡು ಮೂರು ಡಿಗ್ರಿ ತಗ್ಗುತ್ತದೆ, ಆದರೆ ನೀರು ಬೇಗ ಆವಿಯಾಗುತ್ತದೆ. ಆವಿಯಾದಷ್ಟಕ್ಕೆ ಉಪ್ಪಿಲ್ಲದ ನೀರನ್ನೇ ತುಂಬಬೇಕು. ಯಾಕೆಂದು ಮಕ್ಕಳನ್ನೇ ಕೇಳಿ: 40 ಲೀಟರಿನಲ್ಲಿ 1,400 ಗ್ರಾಂ ಲವಣ, ನಾಲ್ಕು ಲೀಟರ್ ಆರಿ 36 ಉಳಿದರೆ ಲೀಟರಿಗೆ ಎಷ್ಟು? ಸುಮಾರು 39 ಗ್ರಾಂ. ಅದಕ್ಕೆ ಮತ್ತೆ ಉಪ್ಪುನೀರು ಸುರಿದರೆ? ಗಣಿತದ ಶಿಕ್ಷಕರು ಈ ಒಂದು ಪ್ರಶ್ನೆಯನ್ನು ತಮ್ಮ ಅವಧಿಗೆ ಎರವಲು ಪಡೆದರು.

ಬಾಟಲಿ ನೀರು

ನಾಲ್ಕನೇ ಅವಧಿಯನ್ನು ನಾನು ಯೋಜಿಸಿದಂತೆ ಮಾಡಲಾಗಲಿಲ್ಲ, ಆದರೆ ಐದರಲ್ಲಿ ಮುಖ್ಯವಾದದ್ದು ಅದೇ. ‘ನಮ್ಮೂರ ನೀರಿನಾಗೂ ಇದು ಇರತೈತೇನ್ರಿ?’ ಎಂದು ಸಿರುಗುಪ್ಪ ಕಡೆಯ ಹುಡುಗ ಕೇಳಿದ್ದರಿಂದ ಶನಿವಾರ ಊರಿಗೆ ಹೋಗುವವರಿಗೆ ಬಾಟಲಿ ತೊಳೆದು ಕುಡಿಯುವ ನೀರು ತರಲು ಹೇಳಿದ್ದೆ. ಏಳು ಬಾಟಲಿ ಬಂದವು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ನೈಟ್ರೇಟಿನ ಮಿತಿ ಲೀಟರಿಗೆ 45 ಮಿ.ಗ್ರಾಂ. ಆರು ಬಾಟಲಿಗಳ ಬಣ್ಣ ಅದಕ್ಕಿಂತ ಬಹಳ ಕೆಳಗೆ. ಏಳನೆಯದು, ಹೊಲದ ಪಕ್ಕದ ಬೋರ್‌ವೆಲ್ಲಿನದು, 80ರ ಬಣ್ಣಕ್ಕೆ ಹೋಯಿತು.

ಬಾಟಲಿಗಳಿಗೆ ಹೆಸರಿನ ಬದಲು ಸಂಖ್ಯೆ ಹಚ್ಚಿದ್ದರಿಂದ ತರಗತಿಯಲ್ಲಿ ಯಾರದೆಂದು ತಿಳಿಯಲಿಲ್ಲ. ಇಂಥ ಚಟುವಟಿಕೆ ಮಾಡುವವರು ಹೀಗೇ ಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮಗುವಿನ ಮನೆಯ ನೀರು ತರಗತಿಯ ಮಾತಾಗಬಾರದು. ಬಿಡುವಿನಲ್ಲಿ ಆ ಹುಡುಗಿಯನ್ನು ಕರೆದು ಮಾತಾಡಿಸಿದೆ. ಮನೆಯಲ್ಲಿ ನಾಲ್ಕು ತಿಂಗಳ ಕೂಸು ಇದೆ, ಅಕ್ಕನದು. ಬಾಟಲಿ ಹಾಲಿನ ಪುಡಿ ಕಲಸುವುದು ಅದೇ ನೀರಿನಲ್ಲಿ. ‘ಕಾಯಿಸಿ ಆರಿಸಿ ಕೊಡ್ತಾರ್ರಿ ಟೀಚರ್, ಏನಾಗಲ್ಲಲ್ರಿ?’

ಕಾಯಿಸಿದರೆ ಕ್ರಿಮಿ ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ. ಹಿಂದಿನ ದಿನ ಉಪ್ಪಿಗೆ ಮಾಡಿದ ಲೆಕ್ಕವೇ. ಆರು ತಿಂಗಳೊಳಗಿನ ಕೂಸುಗಳಿಗೆ ನೈಟ್ರೇಟ್ ಹೆಚ್ಚಿರುವ ನೀರು ಕೊಟ್ಟರೆ ರಕ್ತ ಆಮ್ಲಜನಕವನ್ನು ಒಯ್ಯುವ ಶಕ್ತಿ ಕಳೆದುಕೊಳ್ಳಬಹುದು, ಮೈ ನೀಲಿಗಟ್ಟಬಹುದು. ಹುಡುಗಿಯನ್ನು ಹೆದರಿಸದೆ ಇಷ್ಟನ್ನು ಹೇಳುವುದು ಹೇಗೆಂದು ಯಾವ ಬೋಧನಾ ಕೌಶಲದ ಪಟ್ಟಿಯಲ್ಲೂ ನಾನು ಓದಿರಲಿಲ್ಲ. ಮಾರ್ಗದರ್ಶಿ ಶಿಕ್ಷಕಿಯ ಜೊತೆ ಮುಖ್ಯ ಶಿಕ್ಷಕರ ಕೊಠಡಿಗೆ ಹೋದೆವು. ಅಕ್ವೇರಿಯಂ ಕಿಟ್ ಒಂದು ಸೂಚನೆ ಮಾತ್ರ, ಅದನ್ನೇ ತೀರ್ಪು ಎನ್ನಲಾಗದು. ಅದೇ ನೀರನ್ನು ಮತ್ತೆರಡು ಸಲ ಪರೀಕ್ಷಿಸಿದೆ, ಬಣ್ಣ ಬದಲಾಗಲಿಲ್ಲ. ಮುಖ್ಯ ಶಿಕ್ಷಕರು ಹುಡುಗಿಯ ತಂದೆಗೆ ಫೋನ್ ಮಾಡಿದರು: ಕೂಸಿಗೆ ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ, ಆರೋಗ್ಯ ಕೇಂದ್ರದಲ್ಲಿ ಒಮ್ಮೆ ತೋರಿಸಿ, ಬೋರಿನ ನೀರನ್ನು ಪ್ರಯೋಗಾಲಯಕ್ಕೆ ಕಳಿಸೋಣ. ತಂದೆ ಮರುದಿನವೇ ಎರಡು ಲೀಟರ್ ಕ್ಯಾನು ಹಿಡಿದು ಶಾಲೆಗೆ ಬಂದರು. ಕೂಸು ಚೆನ್ನಾಗಿದೆ. ಮಾದರಿಯನ್ನು ಪ್ರಯೋಗಾಲಯಕ್ಕೆ ಕೊಟ್ಟಾಗಿದೆ. ಇದನ್ನು ಬರೆಯುವ ಹೊತ್ತಿಗೆ ವರದಿ ಬಂದಿಲ್ಲ.

ಏಳನೇ ಬಾಟಲಿ ಯಾರದೆಂದು ತಿಳಿಯದ ತರಗತಿ ಮಾತ್ರ ಪರಿಹಾರ ಹುಡುಕುತ್ತಿತ್ತು. ‘ಆ ಬೋರಿಗೆ ನಮ್ಮ ಪಾಚಿ ಹಾಕಿದ್ರೆ?’ ಎಂಬ ಪ್ರಶ್ನೆ ಬರುತ್ತದೆಂದು ನಿರೀಕ್ಷಿಸಿದ್ದೆ. ಕಡಲ ಪಾಚಿ ಸಿಹಿನೀರಿನಲ್ಲಿ ಬದುಕುವುದಿಲ್ಲ, ಬೋರಿನೊಳಗೆ ಬೆಳಕೂ ಇಲ್ಲ ಎಂದು ಅವರೇ ಮೂರನೇ ಜಾಡಿಯನ್ನು ನೆನಪಿಸಿಕೊಂಡು ಬಿಟ್ಟರು. ಕೆರೆಯ ಪಾಚಿ ಹಾಕಿದರೆ ಎಂದಾಗ, ಕೆಲವು ನೀಲಿ-ಹಸಿರು ಪಾಚಿಗಳು ತಾವೇ ವಿಷ ಬಿಡುತ್ತವೆ, ಕುಡಿಯುವ ನೀರಿಗೆ ಇದು ದಾರಿಯಲ್ಲ ಎಂದು ಸ್ಪಷ್ಟವಾಗಿ ಹೇಳಿದೆ.

ಇನ್ನೊಂದು ಪ್ರಶ್ನೆಯನ್ನು ನಿರೀಕ್ಷಿಸಿರಲಿಲ್ಲ. ‘ನಾವು ಗದ್ದೆಗೆ ಯೂರಿಯಾ ಹಾಕ್ತೀವಲ್ರಿ. ಗದ್ದ್ಯಾಗೂ ಪಾಚಿ ಇರತೈತಿ. ಅದು ತಿಂದ್ರೆ ಭತ್ತಕ್ಕೆ ಏನು ಉಳಿತೈತ್ರಿ?’ ಸಿರುಗುಪ್ಪದ ಕಾಲುವೆ ಬಯಲಿನ ಭತ್ತದ ಗದ್ದೆ ಆ ಹುಡುಗನಿಗೆ ನಮ್ಮ ತೊಟ್ಟಿಗಿಂತ ಚೆನ್ನಾಗಿ ಗೊತ್ತು. ಯೂರಿಯಾದಲ್ಲಿ ನೈಟ್ರೋಜನ್ ಶೇ. 46; 45 ಕಿಲೋ ಚೀಲದಲ್ಲಿ 20 ಕಿಲೋಗೂ ಹೆಚ್ಚು. ನಮ್ಮ ತೊಟ್ಟಿಗೆ ದಿನಕ್ಕೆ 19 ಮಿಲಿಗ್ರಾಂ. ಎರಡು ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದಾಗ ತರಗತಿಯಲ್ಲಿ ಗುಸುಗುಸು ಎದ್ದಿತು. ಗದ್ದೆಯ ಕಾರಾ, ಸ್ಪೈರೋಗೈರಾಗಳು ಒಂದಿಷ್ಟನ್ನು ಹೀರುವುದು ನಿಜ. ಅಲ್ಲೇ ಸತ್ತು ಕೊಳೆತಾಗ ಅದನ್ನು ಮಣ್ಣಿಗೇ ಕೊಡುತ್ತವೆ. ಭತ್ತ ಬಳಸಿಕೊಳ್ಳದ ಪಾಲಿನಲ್ಲಿ ಒಂದಿಷ್ಟು ಗಾಳಿಗೆ, ಒಂದಿಷ್ಟು ಬಸಿನೀರಿನ ಜೊತೆ ಕೆಳಕ್ಕೆ. ಇದಕ್ಕೆ ಎದುರಾಗಿ, ಗದ್ದೆಯಲ್ಲಿರುವ ಕೆಲವು ನೀಲಿ-ಹಸಿರು ಪಾಚಿಗಳು ಗಾಳಿಯ ನೈಟ್ರೋಜನ್ನನ್ನೇ ಹಿಡಿದು ಮಣ್ಣಿಗೆ ತರುತ್ತವೆ ಎಂಬುದನ್ನು ಭಾರತದ ವಿಜ್ಞಾನಿ ಪಿ.ಕೆ. ಡೇ 1939ರಲ್ಲೇ ತೋರಿಸಿದ್ದರು. ಒಂದೇ ಪಾಚಿ ಎಂಬ ಮಾತಿನೊಳಗೆ ತೆಗೆದುಕೊಳ್ಳುವವರೂ ಇದ್ದಾರೆ, ತಂದುಕೊಡುವವರೂ ಇದ್ದಾರೆ.

ಮೌಲ್ಯಮಾಪನ

ಕೊನೆಯ ಅವಧಿಯಲ್ಲಿ ಚಕ್ರದ ಚಿತ್ರ ಬಿಡಿಸಿ ಎನ್ನಲಿಲ್ಲ. ‘ತೊಟ್ಟಿಗೆ ಹಾಕಿದ ಒಂದು ಚಿಟಿಕೆ ಆಹಾರದ ನೈಟ್ರೋಜನ್ ಈಗ ಎಲ್ಲೆಲ್ಲಿ ಇರಬಹುದು? ಪ್ರತಿ ಜಾಗಕ್ಕೂ ಸಾಕ್ಷಿ ಕೊಡಿ’ ಎಂದು ಕೇಳಿದೆ. ಸಾಕ್ಷಿ ಎಂಬ ಪದ ಉಪಯೋಗಕ್ಕೆ ಬಂತು. ಕೆಲವರು ಜಾಡಿಯ ಬಣ್ಣ ಬರೆದರು, ಕೆಲವರು ತೂಕ. ಬ್ಯಾಕ್ಟೀರಿಯಾದ ಹೆಸರುಗಳನ್ನು ತಪ್ಪು ಬರೆದ ಕೆಲವರು ಲೆಕ್ಕವನ್ನು ಸರಿ ಮಾಡಿದ್ದರು. ನಾನು ಅವರಿಗೆ ಹೆಚ್ಚು ಅಂಕ ಕೊಟ್ಟೆ. ಇದನ್ನು ಮಾರ್ಗದರ್ಶಿ ಶಿಕ್ಷಕಿ ಪೂರ್ತಿ ಒಪ್ಪಲಿಲ್ಲ, ಪರೀಕ್ಷೆಯಲ್ಲಿ ಕೇಳುವುದು ಹೆಸರನ್ನೇ ಎಂದರು. ಕಿತ್ತ ಪಾಚಿಯನ್ನು ಸಿಹಿನೀರಿನಲ್ಲಿ ಎರಡು ಸಲ ಜಾಲಿಸಿ, ಒಣಗಿಸಿ ಶಾಲೆಯ ನುಗ್ಗೆ ಗಿಡದ ಬುಡಕ್ಕೆ ಹಾಕಿದ್ದೆವು. ಹಾಗಾಗಿ ಹಲವರ ಚಿತ್ರದಲ್ಲಿ ಒಂದು ಬಾಣ ತೊಟ್ಟಿಯಿಂದ ಹೊರಬಿದ್ದು ನುಗ್ಗೆ ಸೊಪ್ಪಿಗೆ, ಅಲ್ಲಿಂದ ಬಿಸಿಯೂಟದ ಸಾರಿಗೆ ಹೋಗಿತ್ತು.

ಮಾಡಿ ನೋಡಬೇಕೆನ್ನುವ ಸಹಪಾಠಿಗಳಿಗೆ ಪಾಚಿಯ ಖರ್ಚಿಲ್ಲ. ನನ್ನ ತೊಟ್ಟಿಯಲ್ಲಿ ವಾರಕ್ಕೊಂದು ಮುಷ್ಟಿ ಹೆಚ್ಚಾಗುತ್ತಲೇ ಇದೆ. ಮುಚ್ಚಳವಿರುವ ಡಬ್ಬಿ ಮತ್ತು ಒದ್ದೆ ಕಾಗದ ತಂದರೆ ಸಾಕು. ತೊಟ್ಟಿ ಇಲ್ಲದವರು ಎರಡು ಲೀಟರ್ ಉಪ್ಪುನೀರಿನ ಜಾಡಿಯಲ್ಲೇ ಕಿಟಕಿಯ ಬಳಿ ಕೆಲವು ವಾರ ಇಟ್ಟುಕೊಳ್ಳಬಹುದು, ಎರಡು ದಿನಕ್ಕೊಮ್ಮೆ ಒಂದು ಕಾಳಿನಷ್ಟು ಮೀನಿನ ಆಹಾರ ಹಾಕಿದರೆ ಅದಕ್ಕೆ ಊಟವಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಜಾಡಿಯನ್ನು ಮನೆಯ ಅತಿ ತಂಪಾದ ಮೂಲೆಗೆ ಸರಿಸಿ, ಬೆಳಕಿಗೆ ಬಲ್ಬು ಇಡಬೇಕು.